ಮಾಳಿಗೆ, ಮರಿ, ಅಂಗಾಲು: ದಾವಣಗೆರೆಯ ಒಂದು ಮನೆಯ ಬೇಸಿಗೆ

ನಿಟುವಳ್ಳಿಯಲ್ಲಿ 30×40ರ ಸೈಟು. 1994ರಲ್ಲಿ ಕಟ್ಟಿದ ಒಂದಂತಸ್ತಿನ ಆರ್‌ಸಿಸಿ ಮನೆ. ಮಾಳಿಗೆ ಸುಮಾರು 1,000 ಚದರಡಿ, ಮೇಲೆ ಎಳ್ಳಷ್ಟೂ ನೆರಳಿಲ್ಲ. ಮನೆಯಲ್ಲಿ ಆರು ಜನ. ಯಜಮಾನರಿಗೆ 57 ವರ್ಷ, ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಎಂಟು ವರ್ಷದಿಂದ ಬಿಪಿ. ಉಳಿದವರು ಅವರ ಪತ್ನಿ, ಎಂಬತ್ತರ ತಾಯಿ, ಮಗ, ಸೊಸೆ, ಎಂಟು ವರ್ಷದ ಮೊಮ್ಮಗ. ಜೊತೆಗೆ ಒಂಬತ್ತು ವರ್ಷದ ನಾಯಿ ಕರಿಯ, ಅಟ್ಟಕ್ಕೆ ತಾನಾಗೇ ಬಂದು ಸೇರಿಕೊಂಡ ಒಂದು ಹೆಣ್ಣು ಬೆಕ್ಕು.

ಶಿವರಾತ್ರಿಯಿಂದ ಮೃಗಶಿರ ಮಳೆಯವರೆಗೆ, ಮೂರೂವರೆ ತಿಂಗಳಲ್ಲಿ, ಈ ಮನೆಯಲ್ಲಿ ಕರಿಯ ಸತ್ತಿತು, ಹೊಸ ಮರಿ ಬಂತು, ಬೆಕ್ಕು ಸಾವಿನ ಬಾಯಿಗೆ ಹೋಗಿ ಬಂತು, ಮಾಳಿಗೆ ರಿಪೇರಿಯಾಯಿತು, ತುಂಬಿದ್ದ ಸಂಪನ್ನು ಬರಿದು ಮಾಡಬೇಕಾಯಿತು, ಯಜಮಾನರು ಆರು ವಾರ ಬಲಗಾಲು ಊರದಂತೆ ಕೂರಬೇಕಾಯಿತು. ನಾಯಿ ಮಗನ ಪಾಲು, ಮಾಳಿಗೆ ಯಜಮಾನರ ಪಾಲು, ಸಕ್ಕರೆ ಕಾಯಿಲೆಯ ಮಾತ್ರೆ-ಪಥ್ಯ ಪತ್ನಿಯ ಪಾಲು ಎಂದು ಮನೆಯವರು ಹಂಚಿಕೊಂಡಿದ್ದರು. ಪ್ರತಿಯೊಬ್ಬರೂ ತಮ್ಮ ಪಾಲಿನದನ್ನು ಶ್ರದ್ಧೆಯಿಂದಲೇ ಮಾಡಿದರು. ಆದರೆ ಕೆಟ್ಟದ್ದು ಆದದ್ದೆಲ್ಲ ಒಬ್ಬರ ಪಾಲಿನ ಕೆಲಸ ಇನ್ನೊಬ್ಬರದ್ದಕ್ಕೆ ತಾಗಿದ ಕಡೆಯೇ. ಅದಕ್ಕಾಗಿ ಮೂರನ್ನೂ ಬಿಡಿಬಿಡಿಯಾಗಿ ನೋಡದೆ ಒಂದೇ ಪ್ರಕರಣವಾಗಿ ಬರೆದಿದೆ.

ಕರಿಯನ ಜ್ವರ

ಶಿವರಾತ್ರಿಯ ವಾರ ಕರಿಯ ಊಟ ಬಿಟ್ಟಿತು. ಬಚ್ಚಲ ಪಕ್ಕದ ತಣ್ಣನೆಯ ನೆಲ ಬಿಟ್ಟು ಏಳುತ್ತಿರಲಿಲ್ಲ. "ಉಷ್ಣ ಆಗೈತಿ, ಮಜ್ಜಿಗಿ ಹಾಕ್ರಿ" ಎಂದರು ಅಜ್ಜಿ. ಬಿಸಿಲು ಏರುವ ಹೊತ್ತು, ಯಾರಿಗೂ ಅನುಮಾನ ಬರಲಿಲ್ಲ. ಆರನೇ ದಿನ ಮೂಗಿನಿಂದ ರಕ್ತ ಬಂತು. ಪಶುವೈದ್ಯರು ತುಟಿ ಎತ್ತಿ ನೋಡಿದರೆ ಒಸಡು ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ತೀರಾ ಕಡಿಮೆ. ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ ಹುಳದಿಂದ ಹರಡುವ ಎರ್ಲಿಕಿಯಾ ಜ್ವರ.

ಈ ರೋಗಕ್ಕೆ ಮದ್ದು ಇದೆ, ದುಬಾರಿಯದ್ದೂ ಅಲ್ಲ. ಡಾಕ್ಸಿಸೈಕ್ಲಿನ್, ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10 ಮಿಲಿಗ್ರಾಂ, 28 ದಿನ. ಕರಿಯ 20 ಕಿಲೋ ಇತ್ತು, ಆದ್ದರಿಂದ ಬೆಳಿಗ್ಗೆ 100, ಸಂಜೆ 100 ಮಿಲಿಗ್ರಾಂ. ಮಾತ್ರೆ ಕಹಿ ಎಂದು ಮಗ ಅದನ್ನು ಪುಡಿ ಮಾಡಿ ಹಾಲಿನಲ್ಲಿ ಕಲಸಿ ಕೊಟ್ಟ. ಎಡವಿದ್ದು ಇಲ್ಲೇ. ಹಾಲು, ಮೊಸರಿನ ಕ್ಯಾಲ್ಸಿಯಂ ಈ ಔಷಧವನ್ನು ಹಿಡಿದಿಟ್ಟುಕೊಂಡು ಪೂರ್ತಿಯಾಗಿ ಮೈಗೆ ಸೇರಲು ಬಿಡುವುದಿಲ್ಲ. ಬರೀ ಹೊಟ್ಟೆಗೆ ಕೊಟ್ಟರೂ ಕಷ್ಟ, ವಾಂತಿಯಾಗುತ್ತದೆ, ಅನ್ನನಾಳ ಸುಡುತ್ತದೆ. ಹಾಲು ಸೇರದ ಅನ್ನದುಂಡೆಯಲ್ಲೋ ಮೊಟ್ಟೆಯಲ್ಲೋ ಇಟ್ಟು, ಮೇಲೆ ನೀರು ಕುಡಿಸಬೇಕು. ಮೂರು ದಿನ ಹಾಲಿನ ಪಾಲಾದ ಮೇಲೆ ವಿಷಯ ತಿಳಿಯಿತು. ಚಿಕಿತ್ಸೆ ಶುರುವಾದ ಒಂಬತ್ತನೇ ದಿನ ಕರಿಯ ಹೋಯಿತು.

ಹಾಲು ಕೊಡದಿದ್ದರೆ ಉಳಿಯುತ್ತಿತ್ತು ಎಂದು ಖಂಡಿತವಾಗಿ ಹೇಳಲಾಗದು. ಮೂಗಿನ ರಕ್ತ ಕಾಣುವ ಹೊತ್ತಿಗೆ ರೋಗ ಬಹಳ ಮುಂದೆ ಹೋಗಿರುತ್ತದೆ. ಕಳೆದುಕೊಂಡದ್ದು ಆ ಮೊದಲ ಆರು ದಿನವನ್ನು. ನಾಯಿಯ ಸಹಜ ಮೈಶಾಖ 38ರಿಂದ 39.2 ಡಿಗ್ರಿ ಸೆಲ್ಸಿಯಸ್, ನಮ್ಮದಕ್ಕಿಂತ ಹೆಚ್ಚು. ಹಾಗಾಗಿ ಕೈಯಿಟ್ಟು ನೋಡಿದರೆ ಜ್ವರ ಗೊತ್ತಾಗುವುದಿಲ್ಲ. ಗುದದಲ್ಲಿಟ್ಟು ನೋಡುವ ಒಂದು ಡಿಜಿಟಲ್ ಥರ್ಮಾಮೀಟರನ್ನು ನಾಯಿಗೆಂದೇ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು. ಮೈಮೇಲೆ ಉಣ್ಣೆ, ಊಟ ಬೇಡ, 39.5 ದಾಟಿದ ಶಾಖ, ಈ ಮೂರೂ ಸೇರಿದರೆ ಮಜ್ಜಿಗೆಗೆ ಕಾಯದೆ ಅದೇ ದಿನ ಪಶುವೈದ್ಯರಲ್ಲಿಗೆ ಹೋಗಬೇಕು.

ಬಣ್ಣದ ಹಿಂದೆ ಉಳಿದ ಉಣ್ಣೆ

ಅದು ದುಗ್ಗಮ್ಮನ ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ದಾವಣಗೆರೆಯ ಮನೆಮನೆಗೂ ನೆಂಟರು ತುಂಬುತ್ತಾರೆ, ಅದಕ್ಕೆ ಮುಂಚೆ ಮನೆಗೆ ಬಣ್ಣ ಹೊಡೆಸುವುದು ವಾಡಿಕೆ. ಈ ಮನೆಗೂ ಹೊಡೆಸಿದರು. ಅವಸರದಲ್ಲಿ ಗೋಡೆಯ ಬಿರುಕುಗಳಿಗೆ ಪುಟ್ಟಿ ಹಾಕದೆ ಮೇಲೆಯೇ ಡಿಸ್ಟೆಂಪರ್ ಬಳಿದರು. ಕರಿಯ ಮಲಗುತ್ತಿದ್ದ ವರಾಂಡದ ಮೂಲೆಯೂ ಹಾಗೆಯೇ ಬಿಳಿಯಾಯಿತು.

ನಾಯಿಗೆ ಹತ್ತುವ ಕಂದು ಉಣ್ಣೆಯ ಬಾಳು ನಡೆಯುವುದು ಹೆಚ್ಚಾಗಿ ಗೋಡೆಯಲ್ಲಿ. ಮರಿ, ನಡುವಯಸ್ಸು, ಬೆಳೆದದ್ದು ಹೀಗೆ ಮೂರು ಹಂತದಲ್ಲೂ ರಕ್ತ ಹೀರಿ, ಪ್ರತಿ ಸಲವೂ ನಾಯಿಯಿಂದ ಉದುರಿ, ಹತ್ತಿರದ ಗೋಡೆ ಏರಿ ಬಿರುಕು ಸೇರುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಅಲ್ಲೇ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಬೆಳೆದ ಉಣ್ಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ, ಅನುಕೂಲವಿದ್ದರೆ ವರ್ಷಕ್ಕೂ ಮೀರಿ ಬದುಕಿರಬಲ್ಲದು. ನಾಯಿ ಸತ್ತರೆ ಉಣ್ಣೆ ಸಾಯುವುದಿಲ್ಲ, ಮುಂದಿನ ನಾಯಿಗೆ ಕಾದಿರುತ್ತದೆ.

ಯುಗಾದಿ ಕಳೆದು ಒಂದು ವಾರಕ್ಕೆ ಮೊಮ್ಮಗನ ಹಟಕ್ಕೆ 45 ದಿನದ ನಾಟಿ ಮರಿ ಬಂತು. ಪಕ್ಕದ ಬೀದಿಯಲ್ಲಿ ಕಟ್ಟುತ್ತಿದ್ದ ಮನೆಯ ಜಲ್ಲಿ ರಾಶಿಯ ಹಿಂದೆ ಹುಟ್ಟಿದ್ದು. ನಾಲ್ಕೇ ದಿನದಲ್ಲಿ ಅದರ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಎಣಿಸಲಾಗದಷ್ಟು ಉಣ್ಣೆ.

ಇಲ್ಲಿಂದ ಎರಡು ತಪ್ಪು ಒಂದರ ಹಿಂದೊಂದು ಎದುರಾದವು. ಒಂದು ಪೂರ್ತಿ ನಡೆಯಿತು, ಇನ್ನೊಂದು ತಪ್ಪಿತು.

ಔಷಧಿ ಅಂಗಡಿಯಿಂದ ಮಗ ನಾಯಿಗೆಂದು ತಂದ ಪುಡಿಯಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇತ್ತು. ಮರಿಗೆ ಉಜ್ಜಿದ. ಬೆಕ್ಕು ಮರಿಯನ್ನು ತನ್ನದೇ ಎಂಬಂತೆ ಅಪ್ಪಿಕೊಂಡು ಮಲಗುತ್ತಿತ್ತು, ನೆಕ್ಕುತ್ತಿತ್ತು. ಬೆಕ್ಕಿನ ಲಿವರಿಗೆ ಪರ್ಮೆಥ್ರಿನ್ ಒಡೆದು ಹೊರಹಾಕುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ರಾತ್ರಿ ಹೊತ್ತಿಗೆ ಜೊಲ್ಲು, ಕಿವಿ ಅದುರುವುದು, ಮೈ ನಡುಕ. ಸೊಸೆ ಮಾಡಿದ ಒಂದು ಕೆಲಸ ಅದನ್ನು ಉಳಿಸಿತು: ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆದು, ಒರೆಸಿ, ಬಟ್ಟೆ ಸುತ್ತಿಕೊಂಡು ಆಸ್ಪತ್ರೆಗೆ ಒಯ್ದಳು. ತೀರಾ ಬಿಸಿನೀರು ಹಾಕಿದರೆ ಚರ್ಮದ ರಕ್ತನಾಳ ಹಿಗ್ಗಿ ವಿಷ ಇನ್ನಷ್ಟು ಒಳಸೇರುತ್ತದೆ, ತಣ್ಣೀರು ಹಾಕಿದರೆ ಮೈ ತಣ್ಣಗಾಗಿ ನಡುಕ ಹೆಚ್ಚುತ್ತದೆ. ಆಸ್ಪತ್ರೆಯಲ್ಲಿ ನಡುಕ ಇಳಿಸುವ ಇಂಜೆಕ್ಷನ್, ಸಲೈನ್. ಮೂರನೇ ದಿನ ಬೆಕ್ಕು ಮೀನಿನ ತಲೆ ತಿಂದಿತು.

ಎರಡನೆಯದು ಅಮಿಟ್ರಾಜ್. ನೀರಿಗೆ ಬೆರೆಸಿ ದನ, ನಾಯಿಗೆ ಬಳಿಯುವ ಔಷಧ. ಪಕ್ಕದ ಮನೆಯವರು ಅರ್ಧ ಬಾಟಲಿ ಕೊಟ್ಟಿದ್ದರು. ಪಶುವೈದ್ಯರು ಬೇಡವೆಂದರು, ಅದಕ್ಕೆ ಮೂರು ಕಾರಣವಿತ್ತು. ಮರಿ ತೀರಾ ಎಳೆಯದು. ಮನೆಯಲ್ಲಿ ಬೆಕ್ಕಿದೆ. ಮೂರನೆಯದು ಯಾರಿಗೂ ಹೊಳೆಯದ್ದು: ಅಮಿಟ್ರಾಜ್ ಇನ್ಸುಲಿನ್ ಸ್ರವಿಸುವುದನ್ನು ತಡೆದು ರಕ್ತದ ಸಕ್ಕರೆ ಏರಿಸುತ್ತದೆ, ಸಕ್ಕರೆ ಕಾಯಿಲೆಯವರು ಅದನ್ನು ಮುಟ್ಟಬಾರದು. ದಿನಾ ಸಂಜೆ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದವರು ಯಜಮಾನರೇ.

ಕೊನೆಗೆ ಮಾಡಿದ್ದು ಹೀಗೆ. ಎಂಟು ವಾರ ತುಂಬಿ, ತೂಕ ಎರಡು ಕಿಲೋ ದಾಟುವವರೆಗೆ ದಿನಕ್ಕೆರಡು ಸಲ ಚಿಮಟದಿಂದ ಉಣ್ಣೆ ಕೀಳುವುದು. ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಬೇಕು, ತಿರುಚಬಾರದು, ಉಗುರಲ್ಲಿ ಚಿವುಟಿ ಒಡೆಯಬಾರದು. ಕಿತ್ತದ್ದನ್ನು ಸ್ಪಿರಿಟ್ ಇರುವ ಮುಚ್ಚಳದ ಡಬ್ಬಿಗೆ ಹಾಕುವುದು. ಎಂಟು ವಾರವಾದ ಮೇಲೆ ತೂಕಕ್ಕೆ ತಕ್ಕ ಫ್ಲೂರಲಾನರ್ ಮಾತ್ರೆ. ಅದು ನಾಯಿಯ ರಕ್ತದಲ್ಲಿ ಸುಮಾರು 12 ವಾರ ಇರುತ್ತದೆ, ಕಚ್ಚಿದ ಉಣ್ಣೆ ಸಾಯುತ್ತದೆ, ನೆಕ್ಕುವ ಬೆಕ್ಕಿಗೆ ಮೈಮೇಲೆ ಏನೂ ಸಿಗುವುದಿಲ್ಲ. ಹೀಗಾಗಿ ಮರಿಯ ಮೈಯೇ ಗೋಡೆಯ ಉಣ್ಣೆಗೆ ಬೋನಾಯಿತು.

ಗೋಡೆಯ ಕೆಲಸ ಮೇಸ್ತ್ರಿಯದ್ದು. ಹೊಸ ಡಿಸ್ಟೆಂಪರ್ ಕೆರೆದು, ಬಿರುಕನ್ನು ಉಳಿಯಿಂದ ಅಗಲ ಮಾಡಿ, ಸಣ್ಣದಕ್ಕೆ ಬಿಳಿ ಸಿಮೆಂಟ್ ಪುಟ್ಟಿ, ಕಿರುಬೆರಳು ಹೋಗುವಂಥದಕ್ಕೆ ಲೇಟೆಕ್ಸ್ (ಗಾರೆ ಬಿಗಿಯಾಗಿ ಹಿಡಿಯಲು ಹಾಕುವ ಹಾಲಿನಂಥ ಅಂಟು) ಬೆರೆಸಿದ ಗಾರೆ ತುಂಬಿದರು. ಬಾಗಿಲ ಚೌಕಟ್ಟು ಗೋಡೆಗೆ ಸೇರುವ ಸಂದಿ, ಸ್ವಿಚ್ ಬೋರ್ಡಿನ ಸುತ್ತ, ದೇವರ ಫೋಟೋದ ಹಿಂದೆ, ಛಾವಣಿ ಮೂಲೆ, ಇವನ್ನೂ ಬಿಡಲಿಲ್ಲ. ಉಣ್ಣೆ ಮೇಲಕ್ಕೆ ಹತ್ತುವ ಜೀವ, ನೆಲವನ್ನಷ್ಟೇ ನೋಡಿದರೆ ಸಿಗದು. ಮಂಚದ ಸಂದಿಗೆ ಕುದಿವ ನೀರು ಸುರಿದರು, ಕರಿಯ ಮಲಗುತ್ತಿದ್ದ ಗೋಣಿಚೀಲ ಸುಟ್ಟರು. ಜಾತ್ರೆಗೆ ಮುಂಚೆ ಇದೇ ಮೇಸ್ತ್ರಿ ಒಂದೂವರೆ ದಿನದಲ್ಲಿ ಮುಗಿಸಬಹುದಾಗಿದ್ದ ಕೆಲಸ ಇದು.

ಮಾಳಿಗೆ

ರಾತ್ರಿ ಹತ್ತಕ್ಕೂ ಫ್ಯಾನಿನಿಂದ ಬಿಸಿಗಾಳಿ ಬರುತ್ತದೆ ಎಂಬುದು ಮನೆಯವರ ಹಳೆಯ ದೂರು. ಪಾಚಿ ಒಣಗಿ ಕಪ್ಪಾದ ಸಿಮೆಂಟು ಮಾಳಿಗೆ ಹಗಲಿಡೀ ಬಿಸಿಲನ್ನು ಹೀರಿ, ಕಾಂಕ್ರೀಟು ಅದನ್ನು ಸಂಜೆ ಮೇಲೆ ನಿಧಾನಕ್ಕೆ ಕೆಳಗೆ ಬಿಡುತ್ತದೆ. ಜೊತೆಗೆ ಪ್ಯಾರಪೆಟ್ ಬುಡದಲ್ಲಿ ಬಿರುಕು, ಮಳೆಗಾಲದಲ್ಲಿ ಸೋರಿಕೆ. ಏಪ್ರಿಲ್ ಮೂರನೇ ವಾರ ಕೆಲಸ ಶುರುವಾಯಿತು.

ಮೊದಲು ವೈರ್ ಬ್ರಷ್‌ನಿಂದ ಪಾಚಿ ಕೆರೆದು ತೊಳೆದರು. ಬಿರುಕುಗಳನ್ನು ಕಟ್ಟರ್‌ನಿಂದ ವಿ ಆಕಾರಕ್ಕೆ, ಸುಮಾರು 10 ಮಿಲಿಮೀಟರ್ ಅಗಲ, ಅಷ್ಟೇ ಆಳ ಬಿಡಿಸಿ, ಧೂಳು ಊದಿ ತೆಗೆದರು. ಧೂಳು ಉಳಿದರೆ ಎಂಥ ಗಾರೆಯೂ ಹಿಡಿಯದು, ಮೊದಲ ಚಳಿಗಾಲಕ್ಕೆ ಪದರವಾಗಿ ಏಳುತ್ತದೆ. ತುಂಬಿದ ಗಾರೆಯ ಹದ: ಸಿಮೆಂಟು 10 ಕಿಲೋ, ಜರಡಿ ಹಿಡಿದ ಮರಳು 30 ಕಿಲೋ, ಎಸ್‌ಬಿಆರ್ ಲೇಟೆಕ್ಸ್ ಒಂದೂವರೆ ಲೀಟರ್, ನೀರು ಕಲಸಲು ಬೇಕಾದಷ್ಟೇ. ಪ್ಯಾರಪೆಟ್ ಗೋಡೆ ಮಾಳಿಗೆಗೆ ಸೇರುವ ಮೂಲೆಯನ್ನು ಅದೇ ಗಾರೆಯಿಂದ ಓರೆಯಾಗಿ ದುಂಡಗೆ ಮಾಡಿದರು, ನೀರು ಅಲ್ಲಿ ನಿಲ್ಲಬಾರದು.

ಇದಾದ ಮೇಲೆ ಏಳು ದಿನ ನೀರುಣಿಸಬೇಕು. ಗೋಣಿಚೀಲ ಹಾಸಿ ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ ನೀರು ಹಾಕಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ದಾವಣಗೆರೆ ಬಿಸಿಲಿಗೂ ಪಸೆ ಉಳಿಯುತ್ತದೆ. ಇಲ್ಲಿ ಪ್ಲಾಸ್ಟಿಕ್ ಹಾಕಲಿಲ್ಲ. ಹನ್ನೆರಡಕ್ಕೆಲ್ಲ ಚೀಲ ಒಣಗಿ ಸೊರಗುತ್ತಿತ್ತು. ಯಜಮಾನರು ಮಧ್ಯಾಹ್ನ ಊಟಕ್ಕೆ ಬಂದಾಗ ಮಾಳಿಗೆಗೆ ಹೋಗಿ ಪೈಪು ಹಿಡಿಯತೊಡಗಿದರು. ಹೊಸ ಗಾರೆಗೆ ಗುರುತು ಬೀಳುತ್ತದೆಂದು ಚಪ್ಪಲಿ ಮೆಟ್ಟಿಲಲ್ಲಿ ಬಿಟ್ಟು, ಬರಿಗಾಲಲ್ಲಿ.

ಒಂದು ರಾತ್ರಿ, ಒಂಬತ್ತೂವರೆ

ನಾಲ್ಕನೇ ದಿನ ಯಜಮಾನರು ಮಂಚದ ಅಂಚಿಗೆ ಕೂತು ಟಿವಿ ನೋಡುತ್ತಿದ್ದರು. ಮರಿ ಕೆಳಗೆ ಕೂತು ಅವರ ಬಲಗಾಲು ನೆಕ್ಕುತ್ತಿತ್ತು.

"ರೀ, ಅದಕ್ಕ ಯಾಕ ಕಾಲು ಕೊಟ್ಟೀರಿ, ಎಳಕೊಳ್ರಿ" ಎಂದರು ಪತ್ನಿ.

"ಎಲ್ಲಿ ನೆಕ್ಕಾಕತ್ತೈತಿ?"

ಅವರಿಗೆ ಗೊತ್ತೇ ಇರಲಿಲ್ಲ. ಮೊಬೈಲ್ ಬೆಳಕು ಹಿಡಿದು ಬಗ್ಗಿ ನೋಡಿದರೆ ಹೆಬ್ಬೆರಳ ಬುಡದಲ್ಲಿ ರೂಪಾಯಿಯಗಲದ ಬೊಬ್ಬೆ ಒಡೆದು, ಚರ್ಮ ನೆನೆದ ಕಾಗದದ ಹಾಗೆ ಬಿಳಿಯಾಗಿ ಮುದುಡಿಕೊಂಡಿತ್ತು. ಅದರಡಿಯ ಕೆಂಪು ಮಾಂಸಕ್ಕೆ ಮೂರು ನಾಲ್ಕು ಮರಳಿನ ಕಣ ಅಂಟಿತ್ತು. ಹಿಮ್ಮಡಿಯಲ್ಲಿ ಇನ್ನೊಂದು ಬೊಬ್ಬೆ, ಒಡೆದಿರಲಿಲ್ಲ.

ಹೊರಗೆ 40 ಡಿಗ್ರಿ ಇದ್ದಾಗ ಕಪ್ಪು ಸಿಮೆಂಟಿನ ಮೈ 55-60 ಮುಟ್ಟುತ್ತದೆ. ನರ ಸರಿಯಿದ್ದವರು ಎರಡು ಹೆಜ್ಜೆಗೆ ಕುಣಿದು ಕೆಳಗಿಳಿಯುತ್ತಾರೆ. ಹನ್ನೆರಡು ವರ್ಷದ ಸಕ್ಕರೆ ಅವರ ಅಂಗಾಲಿನ ಅರಿವನ್ನು ಮೆಲ್ಲಗೆ ತಿಂದುಹಾಕಿತ್ತು. "ಕಾಲು ಜೋಮು" ಎಂದು ಎರಡು ವರ್ಷದಿಂದ ಹೇಳುತ್ತಿದ್ದರು, ಕೂತು ಲೆಕ್ಕ ಬರೆಯುವ ಕೆಲಸದಿಂದ ಎಂದುಕೊಂಡಿದ್ದರು. ಕಾಲು ಗಂಟೆ ಆ ಮಾಳಿಗೆ ಮೇಲೆ ನಿಂತು ನೀರು ಹಿಡಿದರು, ಬಿಸಿ ತಿಳಿಯಲೇ ಇಲ್ಲ.

ಅಜ್ಜಿ ಅರಿಶಿನ-ಬೆಣ್ಣೆ ಕಲಸಿ ತಂದರು. ಪ್ರೀತಿಯಿಂದ ತಂದದ್ದು, ಆದರೆ ಹಚ್ಚಬಾರದು. ಗಾಯದ ಬಣ್ಣ ವೈದ್ಯರಿಗೆ ಕಾಣದು, ಬೆಣ್ಣೆ ಕೊಳೆಯನ್ನು ಒಳಗೇ ಹಿಡಿದಿಡುತ್ತದೆ. ಇಂಕು, ಟೂತ್‌ಪೇಸ್ಟ್ ಹಚ್ಚುವವರಿಗೂ ಇದೇ ಮಾತು. ಸುಟ್ಟ ಕೂಡಲೇ ಗೊತ್ತಾದರೆ 20 ನಿಮಿಷ ಹರಿವ ನೀರಿನಡಿ ಕಾಲಿಡಬೇಕು. ಇಲ್ಲಿ ಎಂಟು ಗಂಟೆ ಕಳೆದಿತ್ತು. ಶುದ್ಧ ನೀರಿನಲ್ಲಿ ತೊಳೆದು, ಒಡೆಯದ ಬೊಬ್ಬೆಯನ್ನು ಹಾಗೇ ಬಿಟ್ಟು, ಒಗೆದ ಬಿಳಿ ಬಟ್ಟೆ ಸುತ್ತಿ, ಬೆಳಿಗ್ಗೆ ಆಸ್ಪತ್ರೆಗೆ ಹೋದರು.

ವೈದ್ಯರ ಪ್ರಶ್ನೆ

ಸಕ್ಕರೆ 290. ನೈಲಾನ್ ಎಳೆಯನ್ನು ಬಾಗುವಷ್ಟು ಒತ್ತಿ ನೋಡುವ ಪರೀಕ್ಷೆಯಲ್ಲಿ ಬಲ ಅಂಗಾಲಿನ ಹೆಚ್ಚಿನ ಕಡೆ ಸ್ಪರ್ಶವಿಲ್ಲ. ಗಾಯ ತೊಳೆದು, ಅಂಟದ ಡ್ರೆಸ್ಸಿಂಗ್ ಹಾಕಿ, ಟಿಟಿ ಕೊಟ್ಟು, ಚೀಟಿ ಬರೆಯುವಾಗ ವೈದ್ಯರು ಗಾಯ ಮೊದಲು ಹೇಗೆ ಕಣ್ಣಿಗೆ ಬಿತ್ತು ಎಂದು ಕೇಳಿದರು. ಪತ್ನಿ ಮರಿ ನೆಕ್ಕಿದ್ದನ್ನು ಹೇಳಿದರು. ವೈದ್ಯರ ಪೆನ್ನು ನಿಂತಿತು. "ಮರಿಗೆ ರೇಬೀಸ್ ಚುಚ್ಚುಮದ್ದು ಆಗೈತೇನ್ರಿ?"

ಆಗಿರಲಿಲ್ಲ. ಮರಿಗೆ ರೇಬೀಸ್ ಲಸಿಕೆ ಕೊಡುವುದೇ ಮೂರು ತಿಂಗಳಿಗೆ.

ಇಡೀ ಪ್ರಕರಣದಲ್ಲಿ ಓದುಗರು ಗಟ್ಟಿಯಾಗಿ ನೆನಪಿಡಬೇಕಾದ ಜಾಗ ಇದು. ನಾಯಿ ಕಚ್ಚಿದರೆ ಮಾತ್ರ ರೇಬೀಸ್ ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಒಡೆದ ಚರ್ಮವನ್ನು ನಾಯಿ ನೆಕ್ಕಿದರೆ ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ಅದು ಮೂರನೇ ವರ್ಗ, ರಕ್ತ ಬರುವಂತೆ ಕಚ್ಚಿದ್ದಕ್ಕೆ ಸಮ. ಲಸಿಕೆಯೊಂದೇ ಸಾಲದು, ಗಾಯದ ಒಳಗೆ ಮತ್ತು ಸುತ್ತ ರೇಬೀಸ್ ಇಮ್ಯುನೋಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯ) ಚುಚ್ಚಬೇಕು, ಏಕೆಂದರೆ ಲಸಿಕೆಯಿಂದ ಮೈಯಲ್ಲಿ ರಕ್ಷಣೆ ಹುಟ್ಟಲು ಒಂದು ವಾರವಾದರೂ ಬೇಕು. ಎಲ್ಲಕ್ಕಿಂತ ಮೊದಲು ಗಾಯವನ್ನು ಸೋಪು ಹಚ್ಚಿ ಹರಿವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ರೋಗದ ಲಕ್ಷಣ ಕಂಡ ಮೇಲೆ ಉಳಿಯುವ ಮಾತು ಇಲ್ಲವೆಂದೇ ಹೇಳಬೇಕು. ಯಜಮಾನರಿಗೆ ಆ ದಿನವೇ ಇಮ್ಯುನೋಗ್ಲಾಬ್ಯುಲಿನ್, ಚರ್ಮದೊಳಗೆ ಎರಡು ಕಡೆ 0.1 ಮಿಲಿಲೀಟರ್‌ನಂತೆ ಲಸಿಕೆ, ಮುಂದೆ 3, 7, 28ನೇ ದಿನಕ್ಕೆ. ಮೊಮ್ಮಗನ ಮುಂಗೈಯಲ್ಲಿ ಮರಿಯ ಹಲ್ಲು ತಾಗಿದ, ರಕ್ತ ಬರದ ಗೀರುಗಳಿದ್ದವು. ಅದು ಎರಡನೇ ವರ್ಗ. ಅವನಿಗೆ ಲಸಿಕೆ ಮಾತ್ರ.

ಮರಿಯನ್ನು ಹೊರಹಾಕುವ ಮಾತು ಬಂತು. ಹೊರಹಾಕಬಾರದು, ಕಟ್ಟಿ ಹತ್ತು ದಿನ ಗಮನಿಸಬೇಕು. ಹತ್ತು ದಿನವಾದರೂ ನಾಯಿ ಚೆನ್ನಾಗಿದ್ದರೆ ನೆಕ್ಕಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ. ಕಳೆದುಹೋದ ನಾಯಿಯಿಂದ ಆ ಉತ್ತರ ಸಿಗುವುದಿಲ್ಲ. ಮರಿ ಚೆನ್ನಾಗಿಯೇ ಇತ್ತು. ರೇಬೀಸ್ ಇಲ್ಲದಿದ್ದರೂ ನಾಯಿ ಬಾಯಲ್ಲಿ ಪಾಶ್ಚುರೆಲ್ಲಾದಂಥ ಬ್ಯಾಕ್ಟೀರಿಯಾ ಇರುತ್ತವೆ, ಸಕ್ಕರೆ ಏರಿದ ಕಾಲಿನಲ್ಲಿ ಅವು ಬೇಗ ಹರಡುತ್ತವೆ. ಹಾಗಾಗಿ ಆಂಟಿಬಯಾಟಿಕ್ ಕೂಡ ಬರೆದರು.

ಆರು ವಾರ

ಅಂಗಾಲಿನ ಗಾಯ ಮಾಯಲು ಔಷಧಕ್ಕಿಂತ ಹೆಚ್ಚಾಗಿ ಬೇಕಾದದ್ದು ಅದರ ಮೇಲೆ ಭಾರ ಬೀಳದಿರುವುದು. ನೋವಿಲ್ಲದ ಕಾಲಿನವರು ಇದನ್ನು ಮರೆಯುತ್ತಾರೆ, ಬಚ್ಚಲಿಗೆ ನಾಲ್ಕೇ ಹೆಜ್ಜೆ ಎಂದು ಊರಿಬಿಡುತ್ತಾರೆ. ಆ ನಾಲ್ಕು ಹೆಜ್ಜೆ ಒಂದು ವಾರದ ಹೊಸ ಚರ್ಮವನ್ನು ಕೀಳುತ್ತದೆ. ವಾಕರ್ ತಂದರು, ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟರು, ಮರಿ ಕೋಣೆಗೆ ಬಾರದಂತೆ ಹೊಸ್ತಿಲಿಗೆ ಹಲಗೆ ಅಡ್ಡ ಕಟ್ಟಿದರು.

ಸಕ್ಕರೆ ಇಳಿಸಲು ರಾತ್ರಿ ಒಂದು ಹೊತ್ತು ಗ್ಲಾರ್ಜಿನ್ ಇನ್ಸುಲಿನ್ ಶುರುವಾಯಿತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್‌ನ ಬಾಗಿಲಲ್ಲಲ್ಲ, ನಡುವಿನ ತಟ್ಟೆಯಲ್ಲಿರಬೇಕು. ಫ್ರೀಜರ್‌ಗೆ ತಾಗಿ ಹೆಪ್ಪುಗಟ್ಟಿದರೆ ಬಿಸಾಡಬೇಕು. ಬಳಸುತ್ತಿರುವ ಇನ್ಸುಲಿನ್ ಪೆನ್ನು 30 ಡಿಗ್ರಿ ಮೀರದ ಜಾಗದಲ್ಲಿ 28 ದಿನ ಇರುತ್ತದೆ, ಆದರೆ ಮೇ ತಿಂಗಳ ದಾವಣಗೆರೆಯಲ್ಲಿ ಅಂಥ ಜಾಗ ಮನೆಯೊಳಗೆ ಇಲ್ಲ. ದೊಡ್ಡ ಮಣ್ಣಿನ ಮಡಕೆಯೊಳಗೆ ಸಣ್ಣದನ್ನಿಟ್ಟು, ನಡುವೆ ಮರಳು ತುಂಬಿ ದಿನಕ್ಕೆರಡು ಸಲ ನೀರು ಹಾಕಿದರು. ಪೆನ್ನನ್ನು ಪ್ಲಾಸ್ಟಿಕ್ ಕವರಿನಲ್ಲಿ ಒಳಮಡಕೆಗೆ, ಮೇಲೆ ಒದ್ದೆ ಬಟ್ಟೆ. ಒಣಹವೆಯಲ್ಲಿ ಇದು ಚೆನ್ನಾಗಿ ತಂಪಾಗುತ್ತದೆ. ಮಳೆ ಹಿಡಿದು ಹವೆ ಒದ್ದೆಯಾದರೆ ಅಷ್ಟು ಕೆಲಸ ಮಾಡದು.

ಮೇ ಎರಡನೇ ವಾರದ ಒಂದು ಬೆಳಿಗ್ಗೆ ಹನ್ನೊಂದಕ್ಕೆ ಯಜಮಾನರಿಗೆ ವಿಪರೀತ ಬೆವರು. ಸೆಕೆ ಎಂದು ಫ್ಯಾನ್ ಜೋರು ಮಾಡಿದರು. ಫ್ಯಾನಿನಡಿ ಕೂತವರ ಕುತ್ತಿಗೆ ನೀರಾಗಿರುವುದನ್ನೂ, ಮಾತು ತಡವರಿಸುವುದನ್ನೂ ಕಂಡು ಸೊಸೆ ಬೆರಳು ಚುಚ್ಚಿ ನೋಡಿದಳು: 54. ಬಿಸಿಲಿಗೆ ಊಟ ಅರ್ಧಕ್ಕೆ ಇಳಿದಿತ್ತು, ಬಿಸಿಯಲ್ಲಿ ಇನ್ಸುಲಿನ್ ಬೇಗ ರಕ್ತ ಸೇರುತ್ತದೆ, ಸಕ್ಕರೆ ಇಳಿಸುವ ಹಳೆಯ ಗ್ಲಿಮೆಪಿರೈಡ್ ಮಾತ್ರೆಯೂ ನಡೆಯುತ್ತಿತ್ತು. ಸಣ್ಣ ಚಮಚದಲ್ಲಿ ಮೂರು ಸಕ್ಕರೆ ನೀರಿಗೆ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ, 70 ದಾಟಿದ ಮೇಲೆ ಅನ್ನ ಕೊಟ್ಟರು. ಆ ಮಾತ್ರೆಯನ್ನು ವೈದ್ಯರು ನಿಲ್ಲಿಸಿದರು. ಬೇಸಿಗೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರ ಬೆವರನ್ನು ಬಿಸಿಲಿನ ಲೆಕ್ಕಕ್ಕೆ ಹಾಕುವ ಮುಂಚೆ ಒಂದು ಹನಿ ರಕ್ತ ನೋಡಲೇಬೇಕು.

ಸುಣ್ಣ, ಮಳೆ, ಸಂಪು

ಮಾಳಿಗೆಯ ಉಳಿದ ಕೆಲಸ ಮಗನ ಕೈಗೆ ಬಂತು. 25 ಕಿಲೋ ಸುಣ್ಣದ ಕಲ್ಲು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು 80 ಲೀಟರ್ ನೀರು ಹಾಕಿ, ಕಲ್ಲನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ಕಲ್ಲಿನ ಮೇಲೆ ನೀರು ಸುರಿದರೆ ಕೊತಕೊತ ಕುದ್ದು ಸಿಡಿದು ಕಣ್ಣು ಹೋಗುತ್ತದೆ, ಪ್ಲಾಸ್ಟಿಕ್ ಬಕೆಟ್ಟಾದರೆ ಮೆತ್ತಗಾಗುತ್ತದೆ. ಒಂದು ದಿನ ಅರಳಲು ಬಿಟ್ಟು, ಹಳೆಯ ಹತ್ತಿ ಸೀರೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ 2 ಕಿಲೋ ಫೆವಿಕಾಲ್ ಬೆರೆಸಿದರು. ಮಾಳಿಗೆ ಒದ್ದೆ ಮಾಡಿಕೊಂಡು ಸಂಜೆ ಐದರ ಮೇಲೆ ಬಳಿದರು. ಒಣ ಕಾದ ಸಿಮೆಂಟಿಗೆ ಬಳಿದರೆ ಅದು ನೀರನ್ನು ಹೀರಿ, ಸುಣ್ಣ ಗಟ್ಟಿಯಾಗುವ ಮುಂಚೆ ಪುಡಿಯಾಗಿ ಕಾಲಿಗೆ ಮೆತ್ತುತ್ತದೆ. ಮರುದಿನ ಇನ್ನೊಂದು ಕೈ. ಹಸಿ ಸುಣ್ಣ ಚರ್ಮ ಸುಡುವ ಕ್ಷಾರ. ಮರಿ, ಬೆಕ್ಕು ಹತ್ತದಂತೆ ಮೆಟ್ಟಿಲ ಬಾಗಿಲಿಗೆ ಮೂರು ದಿನ ಅಗಳಿ ಹಾಕಿದರು. ಒಳಗಿನ ಸೆಕೆ ಕಂಡ ಹಾಗೆ ಇಳಿಯಿತು, ಎರಡು ಮೂರು ಡಿಗ್ರಿಯಷ್ಟು. ಅದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು.

ಮರೆತದ್ದು ಮಳೆನೀರಿನ ಪೈಪು. ಮಾಳಿಗೆಯಿಂದ ಸಂಪಿಗೆ ನೇರ ಇಳಿಯುತ್ತಿತ್ತು. ಸುಣ್ಣ ಬಳಿದ ಮೂರನೇ ರಾತ್ರಿ ಭರಣಿ ಮಳೆ ಸುರಿಯಿತು. ಬೆಳಿಗ್ಗೆ ಸಂಪಿನ ನೀರು ಹಾಲಾಗಿತ್ತು, ಕೈಗೆ ಜಾರುತ್ತಿತ್ತು. ಕಾಲುವೆ ನಿಂತು ನಲ್ಲಿ ನೀರಿಗೆ ದಿನ ಎಣಿಸುವ ಹೊತ್ತಿನಲ್ಲಿ ತುಂಬಿದ ಸಂಪು ಚರಂಡಿಗೆ ಹೋಯಿತು.

ಹೇಗೂ ಖಾಲಿಯಾಯಿತೆಂದು ತೊಳೆಸಿದರು. ಮುಚ್ಚಿದ ಸಂಪಿಗೆ ಏಕಾಏಕಿ ಇಳಿಯಬಾರದು, ಒಳಗೆ ಉಸಿರಾಡುವ ಗಾಳಿ ಇರದೇ ಇರಬಹುದು. ಮುಚ್ಚಳ ತೆಗೆದು ಗಂಟೆಗಟ್ಟಲೆ ಬಿಟ್ಟು, ಟೇಬಲ್ ಫ್ಯಾನಿನಿಂದ ಗಾಳಿ ಹಾಯಿಸಿ, ಇಳಿದವರ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿರಬೇಕು. ಒಳಗಿದ್ದವರು ಕುಸಿದರೆ ಹಿಂದೆಯೇ ಇಳಿಯದೆ ಹಗ್ಗದಿಂದ ಎಳೆಯಬೇಕು. ಆರಡಿ ಉದ್ದ, ಆರಡಿ ಅಗಲ, ಐದಡಿ ಆಳದ ಸಂಪು ಎಂದರೆ 180 ಘನ ಅಡಿ, ಸುಮಾರು 5,100 ಲೀಟರ್. ಮತ್ತೆ ತುಂಬಿಸಿ 25 ಪ್ರತಿಶತ ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 1 ಕಿಲೋ, ಅಂದರೆ ಲೀಟರಿಗೆ 50 ಮಿಲಿಗ್ರಾಂನಷ್ಟು ಕ್ಲೋರಿನ್, ಬಕೆಟ್ಟಿನಲ್ಲಿ ಕಲಸಿ ತಿಳಿ ಮಾತ್ರ ಹಾಕಿ ಒಂದು ರಾತ್ರಿ ಬಿಡುವುದು ಕ್ರಮ. ಆ ನೀರು ಕುಡಿಯಲು ಅಲ್ಲ, ಹೊರಬಿಡಲು. ನೀರಿನ ಬರದಲ್ಲಿ ಈ ಮನೆಯವರು ಪೂರ್ತಿ ತುಂಬಿಸಲಿಲ್ಲ. ಅದೇ ಹದದ ತಿಳಿಯನ್ನು ಒಂದು ಬಕೆಟ್ಟಿನಲ್ಲಿ ಮಾಡಿಕೊಂಡು ಗೋಡೆ, ತಳಕ್ಕೆ ಬ್ರಷ್ಷಿನಿಂದ ಮತ್ತೆ ಮತ್ತೆ ಬಳಿದು, ಅರ್ಧ ಗಂಟೆಗೂ ಹೆಚ್ಚು ಹಸಿಯಾಗಿರಿಸಿ ತೊಳೆದರು. ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ಆಸಿಡ್ ಸೇರಿದರೆ ವಿಷಗಾಳಿ ಏಳುತ್ತದೆ, ಒಂದೇ ದಿನ ಎರಡೂ ಕೆಲಸ ಇಟ್ಟುಕೊಳ್ಳದಿರುವುದು ಮೇಲು.

ಕ್ರಮ

ಇದೇ ಕೆಲಸಗಳು, ಇದೇ ಜನ, ಕ್ರಮವಷ್ಟೇ ಬೇರೆ ಇದ್ದಿದ್ದರೆ ಬಹುಪಾಲು ತಪ್ಪುತ್ತಿತ್ತು. ಮಾಳಿಗೆಯ ಗಾರೆ ಕೆಲಸ ಸಂಕ್ರಾಂತಿಯ ಆಸುಪಾಸು ಮುಗಿಯಬೇಕಿತ್ತು, ಆಗ ನೀರುಣಿಸುವುದೂ ಸುಲಭ. ಗೋಡೆಯ ಬಿರುಕು ಬಣ್ಣಕ್ಕಿಂತ ಮುಂಚೆ. ಸುಣ್ಣ ಬಳಿಯುವ ದಿನವೇ ಮಳೆನೀರಿನ ಪೈಪಿನ ಬಾಯಿ ಹೊರಕ್ಕೆ. ಸಕ್ಕರೆ ಕಾಯಿಲೆಯವರ ಕಾಲಿನ ಪರೀಕ್ಷೆ ವರ್ಷಕ್ಕೊಂದು ಸಲ, ಜೋಮು ಎಂದ ದಿನವೇ ಇನ್ನೊಂದು ಸಲ. ಮರಿ ಬರುವುದು ಎಲ್ಲಕ್ಕಿಂತ ಕೊನೆಗೆ, ಉಣ್ಣೆಯ ಗೋಡೆ ಮುಚ್ಚಿ ಎರಡು ತಿಂಗಳಾದ ಮೇಲೆ. ಮೊಮ್ಮಗನ ಹಟವನ್ನು ಅಷ್ಟು ದಿನ ತಡೆಯುವುದು ಕಷ್ಟ ನಿಜ. ಕರಿಯ ಹೋದ ಮನೆಯಲ್ಲಿ ಮಗುವಿನ ಅಳು ಕೇಳುತ್ತ ಲೆಕ್ಕಾಚಾರ ಮಾಡಿ ಕೂರುವುದು ಯಾರಿಗೂ ಸುಲಭವಲ್ಲ.

ಮೃಗಶಿರ ಹಿಡಿಯುವ ಹೊತ್ತಿಗೆ ಹಿಮ್ಮಡಿ ಮಾಯ್ದಿತ್ತು, ಹೆಬ್ಬೆರಳ ಬುಡದಲ್ಲಿ ಕಡಲೆಕಾಳಿನಷ್ಟು ಉಳಿದಿತ್ತು. ಪತ್ನಿ ದಿನಾ ರಾತ್ರಿ ಕನ್ನಡಿ ಹಿಡಿದು ಎರಡೂ ಅಂಗಾಲು ನೋಡುತ್ತಾರೆ. ಮಾಳಿಗೆ ಮೆಟ್ಟಿಲ ಬಾಗಿಲ ಬಳಿ ಒಂದು ಜೊತೆ ಮೆತ್ತನೆಯ ಎಂಸಿಆರ್ (ಮೈಕ್ರೋ ಸೆಲ್ಯುಲರ್ ರಬ್ಬರ್) ಚಪ್ಪಲಿ ಇಟ್ಟಿದ್ದಾರೆ, ಮೆಟ್ಟುವ ಮುಂಚೆ ಒಳಗೆ ಕೈಯಾಡಿಸಿ ಕಲ್ಲಿದೆಯೇ ನೋಡುವುದು ರೂಢಿಯಾಗಿದೆ. ಸಿಂಟೆಕ್ಸ್ ಟ್ಯಾಂಕಿನ ಕಂಬದ ಬುಡದಲ್ಲಿ ಸೋರಿಕೆ ಇನ್ನೂ ನಿಂತಿಲ್ಲ, ಅದನ್ನು ದೀಪಾವಳಿ ಕಳೆದ ಮೇಲೆ ತಣ್ಣನೆಯ ಹೊತ್ತಿನಲ್ಲಿ ಹಿಡಿಯುತ್ತಾರೆ. ಮರಿಗೆ ಮೂರು ತಿಂಗಳು ತುಂಬಿ ರೇಬೀಸ್ ಲಸಿಕೆ ಆಗಿದೆ. ಮುಂದಿನ ವರ್ಷದ ತಾರೀಕು, ಫ್ಲೂರಲಾನರ್ ಮಾತ್ರೆಯ ತಾರೀಕು, ಯಜಮಾನರ ಕಾಲಿನ ಪರೀಕ್ಷೆಯ ತಾರೀಕು ಮೂರನ್ನೂ ಅಡುಗೆಮನೆಯ ಒಂದೇ ಕ್ಯಾಲೆಂಡರಿನಲ್ಲಿ, ಒಂದೇ ಪೆನ್ನಿನಲ್ಲಿ ಸೊಸೆ ಬರೆದಿದ್ದಾಳೆ.